ಉಳಿಸಿದವರಿಗೆ 66, ಉರಿಸಿದವರಿಗೆ 198

ಕರೆಂಟ್ ಉಳಿಸಿ ಅಂತ ನಮಗೆ ಹೇಳದವರಿಲ್ಲ. ಬಿಲ್ಲಿನ ಹಿಂದೆ ಅಚ್ಚು ಹಾಕಿಸಿದರು, ಗೋಡೆ ಮೇಲೆ ಬರೆಸಿದರು, ಶಾಲೆ ಮಕ್ಕಳ ಕೈಲಿ ಪ್ರಬಂಧ ಬರೆಸಿ ಬಹುಮಾನ ಕೊಟ್ಟರು. ಕೆಲವರು ಅದನ್ನ ನಿಜ ಅಂತ ನಂಬಿಯೂ ಬಿಟ್ಟರು. ಪಾಪ.

ಹಾಗೆ ನಂಬಿದವರ ಪಾಡು ತಿಳಿಯಬೇಕಾದರೆ ರಾಜ್ಯ ಸರ್ಕಾರದ ಪುಕ್ಕಟೆ ಕರೆಂಟ್ ಯೋಜನೆ ಗೃಹಜ್ಯೋತಿಯ ಲೆಕ್ಕ ನೋಡಬೇಕು. 2023ರ ಆಗಸ್ಟ್‌ನಿಂದ ಶೂನ್ಯ ಬಿಲ್ ಬರೋಕೆ ಶುರುವಾಯ್ತಲ್ಲ, ಆಗ ಎಲ್ಲರ ಕಿವಿಗೆ ಬಿದ್ದದ್ದು '200 ಯುನಿಟ್ ಫ್ರೀ' ಅನ್ನೋ ಮಾತು. ಲೆಕ್ಕ ಬೇರೇನೇ ಇತ್ತು. 2022-23ರಲ್ಲಿ ನಿಮ್ಮ ಮನೆ ತಿಂಗಳಿಗೆ ಸರಾಸರಿ ಎಷ್ಟು ಯುನಿಟ್ ಬಳಸಿತ್ತೋ ಅಷ್ಟು, ಅದರ ಮೇಲೆ ಶೇಕಡಾ 10. ಪುಕ್ಕಟೆ ಅಷ್ಟೇ. 200 ಅನ್ನೋದು ಗಡಿ, ಎಲ್ಲರ ಪಾಲಲ್ಲ.

ಎದುರುಬದುರು ಎರಡು ಮನೆ ಇಟ್ಟುಕೊಳ್ಳಿ. ಈ ಮನೆಯವರು ತಾರಸಿ ಮೇಲೆ ಸೋಲಾರ್ ಹೀಟರ್ ಕೂರಿಸಿದ್ದಾರೆ. ಎಲ್ಲ ಕಡೆ ಎಲ್‌ಇಡಿ ಬಲ್ಬು. ಅಜ್ಜ ರೂಮಿಂದ ರೂಮಿಗೆ ಓಡಾಡಿ ಫ್ಯಾನ್ ಆರಿಸುತ್ತಾರೆ, ಒಳಗೆ ಜನ ಇದ್ದರೂ. ತಿಂಗಳಿಗೆ 60 ಯುನಿಟ್. ಆ ಮನೆಯಲ್ಲಿ ಬೆಳಗ್ಗೆ ಹಾಕಿದ ಗೀಸರ್ ಯಾರಿಗಾದರೂ ನೆನಪಾದಾಗ ಆಫ್ ಆಗುತ್ತೆ. ಟಿವಿ ನೋಡೋರಿಲ್ಲದಿದ್ದರೂ ತಾನೇ ಮಾತಾಡಿಕೊಳ್ಳುತ್ತಿರುತ್ತೆ. ತಿಂಗಳಿಗೆ 180 ಯುನಿಟ್. ಎರಡು ಕಿಲೋವ್ಯಾಟ್ ಗೀಸರ್ ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ ಅದೊಂದೇ 60 ಯುನಿಟ್ ನುಂಗುತ್ತೆ. ಅಂದರೆ ಈ ಮನೆಯ ಇಡೀ ಸಂಸಾರ, ಆ ಮನೆಯ ಬರೀ ಸ್ನಾನ.

ಈಗ ಬಹುಮಾನ ವಿತರಣೆ. ಅಜ್ಜನ ಮನೆಗೆ 66 ಯುನಿಟ್ ಉಚಿತ. ಗೀಸರ್ ಮನೆಗೆ 198.

ಬೇಸಿಗೆಗೆ ಮಗಳು ಮೊಮ್ಮಕ್ಕಳು ಬಂದು ಅಜ್ಜನ ಮನೆ ಮೀಟರ್ 90ಕ್ಕೆ ಹೋಯ್ತು ಅನ್ನಿ. ಹೆಚ್ಚಾದ 24 ಯುನಿಟ್‌ಗೆ ಅವರು ದುಡ್ಡು ಕಟ್ಟಬೇಕು. ಎದುರು ಮನೆಯವರು 190 ಉರಿಸಿ, ಕೈಬೀಸಿಕೊಂಡು ಬಂದು, "ಏನ್ ಸಾರ್, ನಿಮಗೆ ಬಿಲ್ ಬರುತ್ತಾ?" ಅಂತ ಆಶ್ಚರ್ಯಪಡುತ್ತಾರೆ.

ಬೆಂಗಳೂರಲ್ಲಿ 2007ರಿಂದ, 30-40 ಸೈಟಿನಲ್ಲಿ ಹೊಸ ಮನೆ ಕಟ್ಟಿದವರಿಗೂ ಸೋಲಾರ್ ಹೀಟರ್ ಇದ್ದರೇನೇ ಕರೆಂಟ್ ಕನೆಕ್ಷನ್ ಅಂದವರು ಯಾರು? ಸರ್ಕಾರದವರೇ. ಹಾಕಿಸಿದವರಿಗೆ ಯುನಿಟ್‌ಗೆ 50 ಪೈಸೆ, ತಿಂಗಳಿಗೆ ಹೆಚ್ಚೆಂದರೆ 50 ರೂಪಾಯಿ ರಿಯಾಯಿತಿ ಕೊಟ್ಟು ಬೆನ್ನು ತಟ್ಟಿದವರೂ ಇವರೇ. ಮಾತು ಕೇಳಿ ಹಾಕಿಸಿದವರ ಸರಾಸರಿ ಇಳಿಯಿತು. ಸರಾಸರಿ ಇಳಿದದ್ದಕ್ಕೆ ಪಾಲು ಇಳಿಯಿತು. 2024ರಲ್ಲಿ ಸರ್ಕಾರದ ಮನಸ್ಸು ಸ್ವಲ್ಪ ಕರಗಿ, ತೀರಾ ಕಡಿಮೆ ಬಳಸುವವರಿಗೆ 10 ಪರ್ಸೆಂಟ್ ಬದಲು 10 ಯುನಿಟ್ ಸೇರಿಸಿಕೊಟ್ಟರು. 60 ಯುನಿಟ್‌ನ ಅಜ್ಜ ಅಷ್ಟು ಬಡಪಾಯಿಯೂ ಅಲ್ಲ, ಹಾಗಾಗಿ ಅದೂ ದಕ್ಕಲಿಲ್ಲ.

ನಾಳೆ ಇನ್ಯಾರೋ ಬಂದು ಹೊಸದಾಗಿ ಸರಾಸರಿ ತೆಗೆದರೆ? ಬುದ್ಧಿವಂತರು ಈಗಿಂದಲೇ ತಯಾರಾಗಬೇಕು. ಸರಾಸರಿ ಅನ್ನೋದು ಪಿಎಫ್ ಇದ್ದ ಹಾಗೆ, ಈಗ ಜಾಸ್ತಿ ತುಂಬಿದವರಿಗೆ ಆಮೇಲೆ ಸುಖ. ಬಾತ್‌ರೂಮ್ ಲೈಟ್ ಆರಿಸೋ ಮಕ್ಕಳನ್ನ ಗದರಿಸಿ. ಗೀಸರ್ ಆಫ್ ಮಾಡೋಕೆ ಹೋದ ಹೆಂಡತಿಯ ಕೈ ಹಿಡಿದುಕೊಳ್ಳಿ. ಅದು ಮಕ್ಕಳ ಭವಿಷ್ಯದ ಪ್ರಶ್ನೆ.

ಆದರೆ ಗಡಿ ಮಾತ್ರ ದಾಟಬೇಡಿ. 200ರ ಒಳಗಿದ್ದರೆ ಮೀರಿದಷ್ಟಕ್ಕೆ ಕಟ್ಟಿದರೆ ಸಾಕು. 201 ಆಯ್ತೋ, ಪೂರ್ತಿ ಬಿಲ್ಲು, ಮೊದಲನೇ ಯುನಿಟ್‌ನಿಂದ. ಸಾವಿರದ ಮೇಲೆ ಬೀಳುತ್ತೆ. ಆ ಕೊನೇ ಒಂದು ಯುನಿಟ್‌ನಷ್ಟು ದುಬಾರಿ ಕರೆಂಟ್ ಇನ್ನೆಲ್ಲೂ ಸಿಗಲಿಕ್ಕಿಲ್ಲ. ಹಾಗಾಗಿ ಮೀಟರ್ 190 ತೋರಿಸಿದ ದಿನ ಗೀಸರ್ ಮನೆಯಲ್ಲಿ ಪರಿಸರ ಪ್ರಜ್ಞೆ ಜಾಗೃತವಾಗುತ್ತೆ. ಯಜಮಾನರು ಮೊಬೈಲ್ ಟಾರ್ಚ್ ಹಿಡಿದು ಮೀಟರ್ ಬೋರ್ಡ್ ಮುಂದೆ ನಿಲ್ಲುತ್ತಾರೆ. ಮೊಬೈಲ್ ಚಾರ್ಜ್ ಆಫೀಸಿನಲ್ಲಿ, ಇಸ್ತ್ರಿ ಬೀದಿ ಕೊನೆಯ ಗಾಡಿಯಲ್ಲಿ, ಸ್ನಾನ ತಣ್ಣೀರಲ್ಲಿ. ರೀಡಿಂಗ್ ತಗೊಂಡು ಹೋಗುವವರು ಬಂದು, ಕೈಲಿರೋ ಮಷೀನ್‌ನಿಂದ ಸೊನ್ನೆ ಬಿಲ್ಲು ಹರಿದು ಕೊಟ್ಟು ಗೇಟು ದಾಟಿದರೋ ಇಲ್ಲವೋ, ಗೀಸರ್ ಸ್ವಿಚ್ಚು ಟಕ್ ಅನ್ನುತ್ತೆ.

ಇದರ ಮಧ್ಯೆ ದೆಹಲಿಯ ಕೇಂದ್ರ ಸರ್ಕಾರದವರದ್ದು ಇನ್ನೊಂದು ಆಟ. 2024ರ ಫೆಬ್ರವರಿಯಲ್ಲಿ ಪಿಎಂ ಸೂರ್ಯಘರ್ ಬಂತು. ಒಂದು ಕೋಟಿ ಮನೆಗಳ ತಾರಸಿ ಮೇಲೆ ಪ್ಯಾನಲ್, ಮೂರು ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಬ್ಸಿಡಿ, ತಿಂಗಳಿಗೆ 300 ಯುನಿಟ್‌ವರೆಗೆ ಕರೆಂಟ್ ಮುಫ್ತು. ಅವರದು 300, ಇವರದು 200, ಹರಾಜು ಚೆನ್ನಾಗಿಯೇ ನಡೀತಿದೆ. ವ್ಯತ್ಯಾಸ ಇಷ್ಟೇ: ಅವರ ಮುಫ್ತಿಗೆ ಮೊದಲು ನಾವು ಕೈಯಿಂದ ಲಕ್ಷ ಹಾಕಬೇಕು.

ಪ್ಯಾನಲ್ ಮಾರೋ ಹುಡುಗನ ಕಷ್ಟ ಕೇಳಬೇಡಿ. ಬಣ್ಣದ ಕರಪತ್ರ ಹಿಡಿದು ಗೀಸರ್ ಮನೆಯ ಬೆಲ್ ಒತ್ತಿದ.

"ಸಾರ್, ಸೋಲಾರ್ ಹಾಕಿಸಿ. ಐದಾರು ವರ್ಷದಲ್ಲಿ ಹಾಕಿದ ದುಡ್ಡು ವಾಪಸ್. ತಿಂಗಳ ಬಿಲ್ಲೇ ಉಳಿಯುತ್ತೆ."

"ಯಾವ ಬಿಲ್ಲಪ್ಪಾ?"

ಹುಡುಗ ತಬ್ಬಿಬ್ಬಾದ. ಸುಧಾರಿಸಿಕೊಂಡು ಪರಿಸರ, ಕಲ್ಲಿದ್ದಲು, ರಾಯಚೂರಿನ ಉಷ್ಣ ಸ್ಥಾವರದ ಹೊಗೆ ಅಂತೆಲ್ಲ ಹೇಳಿದ. ಯಜಮಾನರು ತಲೆ ಅಲ್ಲಾಡಿಸಿದರು. ಒಳಗಿಂದ ಅವರ ತಾಯಿ ಬಂದರು.

"ಅದನ್ನ ತಾರಸಿ ಮೇಲೆ ಹಾಕ್ತೀಯೇನಪ್ಪಾ?"

"ಹೌದಮ್ಮಾ. ಬಿಸಿಲು ಚೆನ್ನಾಗಿ ಬೀಳೋ ಕಡೆ."

"ಅದರ ಕೆಳಗೆ ಸಂಡಿಗೆ ಒಣಗುತ್ತಾ?"

"ಇಲ್ಲಮ್ಮಾ, ಅಲ್ಲಿ ನೆರಳಿರುತ್ತೆ."

"ಹಾಗಾದರೆ ಬೇಡಪ್ಪ. ಇರೋ ಬಿಸಿಲು ನಮಗೇ ಸಾಲಲ್ಲ."