ಇಂಟರ್‌ಸ್ಕಿಗೆ ಹೋಗಿ ಬಂದ್ರೆ ಲೈಸೆನ್ಸ್ ಸಿಗಲ್ಲ: ಒಂದು ಸ್ಪಷ್ಟನೆ

"ಇಂಟರ್‌ಸ್ಕಿ ಅಂದ್ರೆ ಸ್ಕೀ ಇನ್‌ಸ್ಟ್ರಕ್ಟರ್‌ಗಳ ವರ್ಲ್ಡ್ ಕಪ್, ಅಲ್ಲಿಗೆ ಹೋಗಿ ಬಂದವ್ರು ಯಾವ ದೇಶದಲ್ಲಾದ್ರೂ ಕಲಿಸಬಹುದು" ಅಂತ ಒಂದು ಮೆಸೇಜ್ ಗ್ರೂಪಿಂದ ಗ್ರೂಪಿಗೆ ಓಡಾಡ್ತಿದೆ. ಎರಡೂ ತಪ್ಪು.

ಅದು ಸ್ಪರ್ಧೆನೇ ಅಲ್ಲ. ಹಿಮದ ಮೇಲೆ ಜಾರೋ ಸ್ಕೀಯಿಂಗ್ ಕಲಿಸೋರೆಲ್ಲ ನಾಲ್ಕು ವರ್ಷಕ್ಕೊಂದ್ಸಲ ಸೇರೋ ಅಂತರರಾಷ್ಟ್ರೀಯ ಸಮ್ಮೇಳನ, ಅಂದ್ರೆ ಕಾಂಗ್ರೆಸ್ (ರಾಜಕೀಯದ್ದಲ್ಲ ಮಾರಾಯ್ರೇ). ಮೊದಲನೇದು 1951ರಲ್ಲಿ ಆಸ್ಟ್ರಿಯಾದ ಜೂರ್ಸ್‌ನಲ್ಲಿ ಆಯ್ತು, 2019ರದ್ದು ಬಲ್ಗೇರಿಯಾದ ಪಾಂಪೊರೊವೊದಲ್ಲಿ, 2023ರದ್ದು ಫಿನ್‌ಲ್ಯಾಂಡ್‌ನ ಲೆವಿಯಲ್ಲಿ. ಒಂದೊಂದು ದೇಶದ ಡೆಮೊ ಟೀಮ್ ಸಾಲಾಗಿ, ಒಂದೇ ಲಯದಲ್ಲಿ ತಿರುಗ್ತಾ ಇಳಿದು ತಮ್ಮ ಟೆಕ್ನಿಕ್ ತೋರಿಸುತ್ತೆ, ಆಮೇಲೆ ಬೇರೆ ದೇಶದವ್ರನ್ನ ಜೊತೆಗೆ ಕರ್ಕೊಂಡು ಹಿಮದ ಮೇಲೇ ವರ್ಕ್‌ಶಾಪ್ ಮಾಡ್ತಾರೆ, ಒಳಗಡೆ ಲೆಕ್ಚರ್‌ಗಳು ಬೇರೆ. ನೋಡೋಕೆ ಚಂದ, ಕಲಿಯೋಕೂ ಬೇಕಾದಷ್ಟಿದೆ, ಆದ್ರೆ ಹೋಗಿ ಬಂದ ಮಾತ್ರಕ್ಕೆ ಯಾರ ಲೆವೆಲ್ಲೂ ಏರಲ್ಲ.

ಅರ್ಹತೆ ಕೊಡೋದು ಆಯಾ ದೇಶದ ಸಂಘದ ಪರೀಕ್ಷೆ. ಅಮೆರಿಕದಲ್ಲಾದ್ರೆ 1961ರಲ್ಲಿ ಶುರುವಾದ ಪಿಎಸ್‌ಐಎ (ಪ್ರೊಫೆಷನಲ್ ಸ್ಕೀ ಇನ್‌ಸ್ಟ್ರಕ್ಟರ್ಸ್ ಆಫ್ ಅಮೆರಿಕ, ಅಲ್ಲಿನ ಇನ್‌ಸ್ಟ್ರಕ್ಟರ್‌ಗಳ ಸಂಘ), ಅದ್ರಲ್ಲಿ ಲೆವೆಲ್ 1, 2, 3 ಅಂತಿದೆ, ಪಾಸಾದ್ಮೇಲೂ ಟ್ರೈನಿಂಗ್‌ಗೆ ಹೋಗ್ತಾನೇ ಇರ್ಬೇಕು, ಇಲ್ದಿದ್ರೆ ಸರ್ಟಿಫಿಕೇಟ್ ಚಾಲ್ತೀಲಿರಲ್ಲ. ಇನ್ನೊಂದು ದೇಶಕ್ಕೆ ಹೋಗಿ ಕಲಿಸ್ಬೇಕಂದ್ರೆ ಅಲ್ಲಿನ ರೂಲ್ಸೇ ಬೇರೆ.

ಹಂಗಾಗಿ ಆ ಮೆಸೇಜ್ ಬಂದ್ರೆ ದಯವಿಟ್ಟು ಫಾರ್ವರ್ಡ್ ಮಾಡ್ಬೇಡಿ, ಆಗ್ಲೇ ಕಳಿಸಿದ್ರೆ ಅದೇ ಗ್ರೂಪಿಗೆ ಇದನ್ನೂ ಹಾಕ್ಬಿಡಿ.