ಡ್ಯೂಕ್ ಸಾಹೇಬರ ಎತ್ತಂಗಡಿ

ಏಳೆಂಟು ಗ್ರಾಂ ತೂಗುವ ಹಕ್ಕಿಯೊಂದನ್ನು ಎಷ್ಟು ಸಲ ತೊಟ್ಟಿಲಿಗೆ ಹಾಕಿ ನಾಮಕರಣ ಮಾಡಬಹುದು ಎಂಬುದನ್ನು ಅರಿಯಬೇಕಾದವರು ಯೂಜೆನೀಸ್ ಎಂಬ ಪುಟ್ಟ ಕುಲದ ಚರಿತ್ರೆಯನ್ನು ಓದಬೇಕು. ಈ ಕುಲದಲ್ಲಿ ಈಗಿರುವುದೇ ಎರಡು ಹಮ್ಮಿಂಗ್‌ಬರ್ಡ್‌ಗಳು. ಒಂದು ಅರಿಜೋನಾದ ಬೆಟ್ಟಗಳಿಂದ ದಕ್ಷಿಣಕ್ಕೆ ಮೆಕ್ಸಿಕೊ ದಾಟಿ ಹಬ್ಬಿದೆ. ಇನ್ನೊಂದು ಕೋಸ್ಟರಿಕ, ಪನಾಮಾಗಳ ಎತ್ತರದ ಕಾಡುಗಳಲ್ಲಿದೆ.

ಉತ್ತರದ ಹಕ್ಕಿಗೆ 1827ರಲ್ಲಿ ಇಂಗ್ಲಿಷ್ ಪಕ್ಷಿಶಾಸ್ತ್ರಜ್ಞ ಸ್ವೈನ್ಸನ್ ‘ಫುಲ್ಜೆನ್ಸ್’, ಅಂದರೆ ‘ಥಳಥಳಿಸುವ’ ಎಂದು ಹೆಸರಿಟ್ಟರು. ನೆರಳಲ್ಲಿ ಕಾಡಿಗೆಯಂತೆ ಕಪ್ಪಾಗಿ ಕಾಣುವ ಗಂಡು ಬೆಳಕಿಗೆ ಕತ್ತು ಹೊರಳಿಸಿದರೆ ಸಾಕು, ನೆತ್ತಿ ನೇರಳೆಯಾಗಿಯೂ ಕೊರಳು ಹಸಿರಾಗಿಯೂ ಹೊತ್ತಿಕೊಳ್ಳುತ್ತದೆ. ಆದ್ದರಿಂದ ಹೆಸರಿಗೆ ಕೊಂಕು ತೆಗೆಯಲು ಕಾರಣವಿರಲಿಲ್ಲ. ಎರಡೇ ವರ್ಷಗಳಲ್ಲಿ ಫ್ರೆಂಚ್ ಪಕ್ಷಿಶಾಸ್ತ್ರಜ್ಞ ಲೆಸ್ಸನ್ ಅದೇ ಹಕ್ಕಿಗೆ ರಿವೊಲಿಯ ಡ್ಯೂಕ್ ವಿಕ್ಟರ್ ಮಸೇನಾ ಅವರ ಹೆಸರಿಟ್ಟರು. ಲ್ಯಾಟಿನ್ ವೈಜ್ಞಾನಿಕ ಹೆಸರುಗಳಲ್ಲಿ ಮೊದಲು ಬಂದ ಹೆಸರಿಗೇ ಮಣೆಯಾದ್ದರಿಂದ ಡ್ಯೂಕ್ ಅಲ್ಲಿ ಸೋತರೂ, ಇಂಗ್ಲಿಷಿನಲ್ಲಿ ‘ರಿವೊಲಿಯ ಹಮ್ಮಿಂಗ್‌ಬರ್ಡ್’ ಎಂಬುದು ಅಂಟಿಕೊಂಡಿತು. ರಿವೊಲಿ ಎಂಬುದು 1797ರಲ್ಲಿ ನೆಪೋಲಿಯನ್ನನ ಸೇನೆ ಆಸ್ಟ್ರಿಯನ್ನರನ್ನು ಸೋಲಿಸಿದ ಇಟಲಿಯ ಊರು. ಅಮೆರಿಕ ಖಂಡಗಳ ಆಚೆ ಎಲ್ಲಿಯೂ ಹಮ್ಮಿಂಗ್‌ಬರ್ಡ್‌ಗಳಿಲ್ಲ. ಆದರೂ ಆ ಕದನದಲ್ಲಿ ಡ್ಯೂಕರ ಅಪ್ಪ ಕಾದಾಡಿ ಗಳಿಸಿದ, ಮಗ ಕುಳಿತಲ್ಲೇ ಪಡೆದ ಬಿರುದನ್ನು ಹಕ್ಕಿ ಹೊತ್ತು ಹಾರಿತು.

ಎರಡೂ ಹಕ್ಕಿಗಳು ಒಂದೇ ಪ್ರಭೇದವೆಂದು ನಂಬಿದ್ದ 1980ರ ದಶಕದಲ್ಲಿ ಅಮೆರಿಕದ ಪಕ್ಷಿಶಾಸ್ತ್ರಜ್ಞರ ಸಮಿತಿಯು ಡ್ಯೂಕ್‌ರನ್ನು ಇಳಿಸಿ, ‘ಮ್ಯಾಗ್ನಿಫಿಸೆಂಟ್’ ಎಂಬ ಭವ್ಯ ವಿಶೇಷಣವನ್ನು ಏರಿಸಿತು. 2017ರಲ್ಲಿ ಅವು ಒಂದಲ್ಲ, ಎರಡು ಎಂದು ತೀರ್ಮಾನವಾಯಿತು. ದಕ್ಷಿಣದ ಪಾಲುದಾರನಿಗೆ ಅಲ್ಲಿನ ತಲಮಾಂಕಾ ಪರ್ವತಸಾಲಿನ ಹೆಸರು ದಕ್ಕಿತು. ಉತ್ತರದವನಿಗೆ ಹಳೆಯ ಡ್ಯೂಕ್‌ರನ್ನೇ ಅಟ್ಟದಿಂದಿಳಿಸಿ, ಧೂಳು ಕೊಡವಿ ಕೊಡಲಾಯಿತು. ಭವ್ಯತೆ ಯಾರ ಪಾಲಿಗೂ ಬರಲಿಲ್ಲ.

ಆ ನೆಮ್ಮದಿ ಆರು ವರ್ಷಕ್ಕೇ ಮುಗಿಯಿತು. 2016ರಲ್ಲಷ್ಟೇ ತನ್ನ ಹೆಸರನ್ನೂ ಬದಲಿಸಿಕೊಂಡಿದ್ದ, ಆ ಸಮಿತಿಯ ಮಾತೃಸಂಸ್ಥೆಯಾದ ಅಮೆರಿಕನ್ ಆರ್ನಿಥಾಲಜಿಕಲ್ ಸೊಸೈಟಿ, ತನ್ನ ವ್ಯಾಪ್ತಿಯಲ್ಲಿ ವ್ಯಕ್ತಿಗಳ ಹೆಸರು ಹೊತ್ತ ಹಕ್ಕಿಗಳ ಇಂಗ್ಲಿಷ್ ಹೆಸರುಗಳನ್ನೆಲ್ಲ ಬದಲಿಸುವುದಾಗಿಯೂ, ಮೊದಲಿಗೆ ಅಮೆರಿಕ ಮತ್ತು ಕೆನಡಾದ 70–80 ಪ್ರಭೇದಗಳನ್ನು ಕೈಗೆತ್ತಿಕೊಳ್ಳುವುದಾಗಿಯೂ 2023ರ ನವೆಂಬರ್ 1ರಂದು ಘೋಷಿಸಿತು. ಮರುನೇಮಕಗೊಂಡಿದ್ದ ಡ್ಯೂಕ್ ಮತ್ತೆ ಗಂಟುಮೂಟೆ ಕಟ್ಟಬೇಕಾದವರ ಸಾಲಿಗೆ ಬಂದರು.

ಅದೇ ಸಾಲಿನಲ್ಲಿ ಅವರ ಪತ್ನಿ ಆನಾ ಅವರೂ ಇದ್ದಾರೆ. ಲೆಸ್ಸನ್ 1829ರಲ್ಲಿ ಅವರಿಗೂ ಒಂದು ಹಮ್ಮಿಂಗ್‌ಬರ್ಡ್ ಅರ್ಪಿಸಿದ್ದರು. ಆದರೆ ಘೋಷಣೆ ಲ್ಯಾಟಿನ್ ಹೆಸರುಗಳನ್ನು ಮುಟ್ಟುವುದಿಲ್ಲವಾದ್ದರಿಂದ ಆ ಹಕ್ಕಿ ಮುಂದೆಯೂ ‘ಕ್ಯಾಲಿಪ್ಟೆ ಆನಾ’ ಆಗಿಯೇ ಉಳಿಯುತ್ತದೆ. ಹೆಂಡತಿಯದು ಕಾಯಂ ಹುದ್ದೆ, ಗಂಡನಿಗೆ ಎರಡನೆಯ ಎತ್ತಂಗಡಿ.