ಬರೀ ಪಾಠಾನಾ?

ಹಾಸನದಲ್ಲಿ ಕರ್ನಾಟಕ ಸಂಗೀತ ಪಾಠ ಹೇಳೋಳು ನಾನು. ಮೊನ್ನೆ ಸಾಲಗಾಮೆ ರೋಡಲ್ಲಿ ಸೊಪ್ಪು ತಗೋತಿದ್ದಾಗ ಕಾಲೇಜ್ ಫ್ರೆಂಡ್ ಒಬ್ಬಳು ಸಿಕ್ಕಿ, "ಏನೇ, ಕಚೇರಿ ಗಿಚೇರಿ ಏನೂ ಇಲ್ವಾ, ಬರೀ ಪಾಠಾನಾ?" ಅಂದ್ಳು. ಆ "ಬರೀ" ಇದ್ಯಲ್ಲ, ಮನೆಗ್ ಬಂದು ಸೊಪ್ಪು ಬಿಡಿಸೋವರ್ಗೂ ತಲೇಲೇ ಕೂತಿತ್ತು.

ಕಚೇರಿ ಲೆಕ್ಕ ಹೇಳ್ತೀನಿ ಕೇಳಿ. ರಾಮನವಮಿಗೆ ಇಲ್ಲೇ ಹತ್ರದ ಊರಿಂದ ಕರೆದ್ರು. ಪಿಟೀಲು, ಮೃದಂಗದವರು ಮೈಸೂರಿಂದ ಬರ್ಬೇಕು. ಕೊನೇಲಿ ಕಮಿಟಿಯವ್ರು ಶಾಲು ಹೊದಿಸಿ ಕೊಟ್ಟ ಕವರಲ್ಲಿ 3,000 ಇತ್ತು, ಪಕ್ಕವಾದ್ಯದವ್ರಿಗೆ ನಾನ್ ಕೊಟ್ಟಿದ್ದು 7,000. ನನ್ ಹಾಡಿಗೆ ನಾನೇ ಟಿಕೆಟ್ ತಗೊಂಡ ಹಾಗಾಯ್ತು. ಪಾನಕ ಮಾತ್ರ ಚೆನ್ನಾಗಿತ್ತು, ಸುಳ್ಳು ಹೇಳ್ಬಾರ್ದು.

ನಮ್ ಜಿಲ್ಲೇಲೇ ಅರಕಲಗೂಡು ತಾಲ್ಲೂಕಲ್ಲಿ ರುದ್ರಪಟ್ಟಣ ಇದೆ, ಕಾವೇರಿ ದಡದ ಊರು, ತಂಬೂರಿ ಆಕಾರದ ದೇವಸ್ಥಾನ ಇರೋದು ಅಲ್ಲೇ. 1920ರಲ್ಲಿ ಹುಟ್ಟಿದ ದೊಡ್ಡ ಗಾಯಕರು ಆರ್. ಕೆ. ಶ್ರೀಕಂಠನ್ ಅಲ್ಲಿಯವ್ರು, 2011ರಲ್ಲಿ ಪದ್ಮಭೂಷಣ ಬಂತು. ಅಂಥವ್ರೂ ಆಕಾಶವಾಣಿ ನೌಕರಿ ಮಾಡ್ಕೊಂಡು, ಶಿಷ್ಯರಿಗೆ ಪಾಠ ಹೇಳ್ಕೊಂಡೇ ಹಾಡಿದ್ದು, ಅವ್ರನ್ನ ಯಾರೂ "ಬರೀ" ಅನ್ನಲಿಲ್ಲ.

ಆದ್ರೆ ನನಗೆ ನಿಜವಾಗ್ಲೂ ಹೊಟ್ಟೆ ಉರಿಯೋದು ಬೇರೆ ವಿಷ್ಯಕ್ಕೆ. ಸಂಗೀತದ ವಿದ್ವತ್ ಪರೀಕ್ಷೆ ಮುಗಿಸ್ದೆ, ಹಾಡೋಕ್ ಬರುತ್ತೆ, ಆದ್ದರಿಂದ ಕಲಿಸೋಕೂ ಬರುತ್ತೆ ಅಂದ್ಕೊಂಡು ಬೋರ್ಡ್ ಹಾಕ್ದೆ ನೋಡಿ, ಅದು. ನನ್ನ ಶ್ರುತಿ, ಅಂದ್ರೆ ಹಾಡೋಕೆ ಆಧಾರವಾಗಿ ಹಿಡಿಯೋ 'ಸ', ಐದು ಮನೆ. ಶ್ರುತಿಯ ಎತ್ತರಾನ ನಾವು ಮನೆ ಲೆಕ್ಕದಲ್ಲಿ ಹೇಳ್ತೀವಿ, ಐದು ಅಂದ್ರೆ ಹೆಣ್ಣು ದನಿಗೆ ಹೊಂದೋ ಎತ್ತರ. ಕ್ಲಾಸಲ್ಲಿ ಮುಕ್ಕಾಲು ಪಾಲು ಹೆಣ್ಮಕ್ಳು, ಹಾಗಾಗಿ ಎಲ್ರಿಗೂ ಅದೇ ಶ್ರುತಿ ಇಟ್ಟು ಒಟ್ಟಿಗೆ ಹಾಡಿಸೋದು. ತಲೆಗೆ 800 ರೂಪಾಯಿ ಫೀಸಲ್ಲಿ ಬಾಡಿಗೆ ಹುಟ್ಬೇಕು ಅಂದ್ರೆ ಹದಿನೈದು ಜನರನ್ನ ಒಂದೇ ಸಲ ಕೂರಿಸ್ಲೇಬೇಕು, ಒಬ್ಬೊಬ್ರಿಗೆ ಒಂದೊಂದು ಶ್ರುತಿ ಅಂತ ಕೂತ್ರೆ ಆಗುತ್ತಾ.

ಒಬ್ಬ ಹುಡುಗ ಇದ್ದ, ಸಂಗೀತದ ಜೂನಿಯರ್ ಪರೀಕ್ಷೆ ಪಾಸಾಗಿದ್ದ, ಗಂಟೆ ಹೊಡೆದಂಗೆ ದನಿ. ಎಂಟನೇ ಕ್ಲಾಸಿಗೆ ಬಂದಾಗ ದನಿ ಒಡೀತು. ಆ ವಯಸ್ಸಲ್ಲಿ ಧ್ವನಿಪೆಟ್ಟಿಗೆ ದೊಡ್ಡದಾಗಿ, ಒಳಗಿನ ತಂತು ಉದ್ದ ಆಗಿ ದಪ್ಪ ಆಗುತ್ತೆ, ಹುಡುಗ್ರ ದನಿ ಹೆಚ್ಚುಕಡಿಮೆ ಒಂದು ಸ್ಥಾಯಿ, ಅಂದ್ರೆ ಮೇಲಿನ 'ಸ'ಯಿಂದ ಕೆಳಗಿನ 'ಸ'ವರೆಗಿನಷ್ಟು, ಕೆಳಗೆ ಇಳಿಯುತ್ತೆ. ಇದನ್ನೆಲ್ಲ ನಾನು ಓದಿದ್ದು ಆಮೇಲೆ. ಐದು ಮನೇಲಿ ಅವ್ನು ಮೇಲೆ ಹೋದ್ರೆ ಕೀರಲು, ಕೆಳಗಿನ ಸ್ಥಾಯಿ ಹಿಡಿದ್ರೆ ಬರೀ ಗಾಳಿ, ಎರಡೂ ಕಡೆ ಜಾಗ ಇಲ್ಲ. ಜಂಟಿ ವರಸೆ ಅನ್ನೋ ಸ್ವರದ ಅಭ್ಯಾಸದಲ್ಲಿ ಒಂದ್ಸಲ ತಾರಷಡ್ಜಕ್ಕೆ, ಅಂದ್ರೆ ಮೇಲಿನ 'ಸ'ಗೆ, ಹೋಗ್ತಾ ದನಿ ಪಟ್ ಅಂತ ಒಡೆದು ಹುಡುಗೀರು ಕಿಸಕ್ ಅಂದ್ರು. ಅವತ್ತಿಂದ ಬಾಯಿ ಆಡಿಸ್ತಾ ತಾಳ ಮಾತ್ರ ಹಾಕೋನು. ನಾನ್ ಏನ್ ಮಾಡ್ದೆ ಗೊತ್ತಾ, "ಬಾಯಿ ಬಿಟ್ಟು ಹಾಡೋ, ಪ್ರಾಕ್ಟೀಸ್ ಮಾಡ್ತಿಲ್ಲ ನೀನು" ಅಂತ ಎಲ್ರ ಮುಂದೆ ಬೈದೆ. ಎರಡು ವಾರ ಬಂದ. ಆಮೇಲೆ ಅವ್ರಮ್ಮ ಫೋನ್ ಮಾಡಿ "ಮೇಡಂ, ಅವ್ನಿಗೆ ಟ್ಯೂಷನ್ ಜಾಸ್ತಿ ಆಯ್ತು" ಅಂದ್ರು, ನಾನೂ ನಂಬ್ದೆ.

ನನಗೆ ಕಲಿಸಿದ ಯಾರೂ ಇದನ್ನ ಹೇಳಿರ್ಲಿಲ್ಲ. ರಾಗ ಲಕ್ಷಣ ಬಾಯಿಪಾಠ ಮಾಡಿಸಿದ್ರು, ಹದಿಮೂರು ವರ್ಷದ ಹುಡುಗನ ಗಂಟಲಲ್ಲಿ ಏನಾಗ್ತಿದೆ ಅಂತ ಗೊತ್ತಿಲ್ದೆ ಪಾಠ ಹೇಳೋದು ಸರಿನಾ ನೀವೇ ಹೇಳಿ.

ಈಗ ಶನಿವಾರ ಸಂಜೆ ಹುಡುಗ್ರಿಗೇ ಬೇರೆ ಬ್ಯಾಚ್. ಮೂರೇ ಜನ. ಒಬ್ಬಂದು ಒಂದು ಮನೆ, ಇನ್ನೊಬ್ಬಂದು ಎರಡು, ಮೂರನೆಯವ್ನದ್ದು ವಾರಕ್ಕೊಂದು ಮನೆ ಬದಲಾಗ್ತಿದೆ, ಬಾಡಿಗೆದಾರನ ಥರ! ದನಿ ಒಡೆದ ದಿನ ಮಂದ್ರದಲ್ಲಿ, ಅಂದ್ರೆ ಕೆಳಗಿನ ಸ್ಥಾಯೀಲಿ, ಮೆತ್ತಗೆ ನಾಲ್ಕು ಸ್ವರ, ಅಷ್ಟೇ. ಆ ಬ್ಯಾಚಿಂದ ಕೈಗೇನೂ ಉಳಿಯಲ್ಲ.

ಶುರು ಮಾಡ್ದಾಗ ಆ ಹಳೇ ಹುಡುಗನ ಮನೆಗೂ ಫೋನ್ ಮಾಡಿದ್ದೆ. "ಪಿಯುಸಿಗೆ ಮೂಡಬಿದ್ರೆಗೆ ಹಾಕಿದೀವಿ ಮೇಡಂ, ಹಾಸ್ಟೆಲಲ್ಲಿದಾನೆ" ಅಂದ್ರು. ಅಲ್ಲಿ ಹಾಡ್ತಾನಾ ಅಂತ ಕೇಳೋಕೆ ಬಾಯಿ ಬರ್ಲಿಲ್ಲ.